ಎರೆಭೂಮಿಯ ಮನೆಗೆ ಯಾವ ಶೌಚಗುಂಡಿ? ಮೇಸ್ತ್ರಿ ರಿಂಗ್ ಇಳಿಸೋಣ ಎನ್ನುತ್ತಿದ್ದಾರೆ

ನಾಲೆ ಬದಿಯ ಮನೆ (ದಾವಣಗೆರೆ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಊರಿನಿಂದ ಸ್ವಲ್ಪ ಹೊರಗೆ, ಹೊಲದಲ್ಲೇ ಮನೆ ಕಟ್ಟಿಸುತ್ತಿದ್ದೇವೆ. ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿದೆ, ಈಗ ಶೌಚಾಲಯದ ಗುಂಡಿಯ ಮಾತು ಎದ್ದಿದೆ. ಮನೆಯಲ್ಲಿ ಆರು ಜನ. ಅಮ್ಮನಿಗೆ ಮಂಡಿನೋವು, ಹಾಗಾಗಿ ಒಳಗೆ ಒಂದು ಕಮೋಡ್ ಬೇಕೇ ಬೇಕು. ಹಿತ್ತಲಿನಲ್ಲಿ ಇನ್ನೊಂದು ಸಾಮಾನ್ಯ ಶೌಚಾಲಯ, ಹೊಲದ ಕೆಲಸಕ್ಕೆ ಬರುವವರಿಗೂ ಆಗುತ್ತದೆ.

ಭೂಮಿ ಅಪ್ಪಟ ಎರೆ. ಭದ್ರಾ ನಾಲೆಯ ಅಚ್ಚುಕಟ್ಟು, ಸುತ್ತಲೂ ಭತ್ತದ ಗದ್ದೆ. ಮಳೆಗಾಲದ ಬೆಳೆಗಾಗಲಿ ಬೇಸಿಗೆ ಬೆಳೆಗಾಗಲಿ ನಾಲೆಗೆ ನೀರು ಬಿಟ್ಟರೆ ನಾಲ್ಕು ಅಡಿ ಅಗೆಯುವಷ್ಟರಲ್ಲಿ ಗುಂಡಿಯಲ್ಲಿ ನೀರು ಜಿನುಗುತ್ತದೆ. ನಮ್ಮ ಬೋರ್‌ವೆಲ್ ಮನೆಯ ಮುಂದಿದೆ, ಪಕ್ಕದ ಹೊಲದವರದು ಹಿಂದಿದೆ.

ಮೇಸ್ತ್ರಿ "ಹತ್ತು ಅಡಿ ತೋಡಿ ಸಿಮೆಂಟ್ ರಿಂಗ್ ಇಳಿಸಿ ಮೇಲೆ ಚಪ್ಪಡಿ ಮುಚ್ಚೋಣ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ತುಂಬುವುದಿಲ್ಲ" ಎನ್ನುತ್ತಾರೆ. ತಮ್ಮ ರೆಡಿಮೇಡ್ ಪ್ಲಾಸ್ಟಿಕ್ ಟ್ಯಾಂಕ್ ತರೋಣ ಎನ್ನುತ್ತಾನೆ. ಪಂಚಾಯಿತಿಯಲ್ಲಿ ಕೇಳಿದರೆ ಜೋಡಿ ಗುಂಡಿಯದೇ ಮಾಡಿಸಿ ಎಂದರು. ಮೂವರದು ಮೂರು ದಿಕ್ಕು. ಅನುಭವ ಇರುವವರು ಹೇಳಿ.

ಮಾಯಕೊಂಡದ ಮೆಕ್ಕೆಜೋಳ

ಮೇಸ್ತ್ರಿ ಹೇಳಿದ್ದು ಸರಿ. ನಮ್ಮಪ್ಪ ಕಟ್ಟಿಸಿದ ರಿಂಗ್ ಗುಂಡಿ ಇಪ್ಪತ್ತು ವರ್ಷದಿಂದ ಒಮ್ಮೆಯೂ ತುಂಬಿಲ್ಲ. ಹೂಳೆತ್ತುವ ಲಾರಿ ಕರೆಸುವ ಖರ್ಚಿಲ್ಲ, ತಲೆನೋವಿಲ್ಲ. ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡಿ.

ನಿವೃತ್ತ ಜೆಇ (ಕಿರಿಯ ಎಂಜಿನಿಯರ್, ಚಿತ್ರದುರ್ಗ)

ಮೆಕ್ಕೆಜೋಳದವರೇ, ಬೇಸರ ಪಡಬೇಡಿ. ಇಪ್ಪತ್ತು ವರ್ಷ ತುಂಬದ ಗುಂಡಿ ಒಳ್ಳೆಯ ಗುಂಡಿಯಲ್ಲ, ಸೋರುವ ಗುಂಡಿ. ಹಾಕಿದ್ದೆಲ್ಲ ಎಲ್ಲಿಗೋ ಹೋಗುತ್ತಿದೆ. ಎಲ್ಲಿಗೆ ಎಂಬುದು ನಿಮ್ಮ ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿದರೆ ತಿಳಿಯಬಹುದು. ನಿಮ್ಮ ಕಡೆ ಕೆಂಪು ಗರಸು ಭೂಮಿಯಾಗಿದ್ದರೆ ನೀರು ಸಲೀಸಾಗಿ ಇಂಗಿರುತ್ತದೆ. ಅದೇ ಗುಂಡಿಯನ್ನು ಎರೆಯಲ್ಲಿ ತೋಡಿದರೆ ಮೊದಲ ಮಳೆಗಾಲಕ್ಕೇ ಕಮೋಡ್‌ನಲ್ಲಿ ನೀರು ಹಿಂದಕ್ಕೆ ಉಬ್ಬುತ್ತದೆ.

ಪ್ರಶ್ನೆ ಕೇಳಿದವರಿಗೆ ಸ್ವಲ್ಪ ಲೆಕ್ಕ ಹೇಳುತ್ತೇನೆ, ತಾಳ್ಮೆಯಿಂದ ಓದಿ. ಗುಂಡಿಯ ಗೋಡೆಯ ಸುತ್ತಲಿನ ಮಣ್ಣು ಎಷ್ಟು ನೀರು ಕುಡಿಯುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮರಳು ಭೂಮಿ ಚದರ ಮೀಟರಿಗೆ ದಿನಕ್ಕೆ ಸುಮಾರು 50 ಲೀಟರ್ ಹೀರುತ್ತದೆ ಎಂದು ಲೆಕ್ಕ ಹಿಡಿಯುತ್ತೇವೆ, ಗೋಡು ಮಣ್ಣು 30, ಬಿಗಿಯಾದ ಜೇಡಿ ಮತ್ತು ಎರೆ 10 ಮಾತ್ರ. ಆರು ಜನ ಮನೆಯಲ್ಲಿ ಬಳಸುವ ನೀರೆಲ್ಲ, ಅಂದರೆ ಸ್ನಾನ, ಬಟ್ಟೆ, ಪಾತ್ರೆ, ಶೌಚ ಎಲ್ಲ ಸೇರಿ ತಲೆಗೆ 50 ಲೀಟರ್ ಎಂದರೂ ದಿನಕ್ಕೆ 300 ಲೀಟರ್. ಎರೆಯಲ್ಲಿ ಅದನ್ನು ಇಂಗಿಸಲು 30 ಚದರ ಮೀಟರ್ ಗೋಡೆ ಬೇಕು. ನಾಲ್ಕು ಅಡಿ ಅಗಲ, ಆರು ಅಡಿ ಆಳದ ಒಂದು ಇಂಗುಗುಂಡಿಯ ಗೋಡೆ ಸುಮಾರು 7 ಚದರ ಮೀಟರ್. ಅಂಥ ನಾಲ್ಕೈದು ಗುಂಡಿ ತೋಡಿಸುತ್ತೀರಾ? ಅದೂ ನಾಲೆಯ ನೀರು ನಾಲ್ಕಡಿಗೇ ನಿಂತಿರುವ ಜಾಗದಲ್ಲಿ?

ಎರೆಮಣ್ಣಿಗೆ ಇನ್ನೊಂದು ಗುಣವಿದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಉಬ್ಬುವಾಗ ರಿಂಗ್‌ಗಳನ್ನು ಪಕ್ಕಕ್ಕೆ ತಳ್ಳುತ್ತದೆ, ಗಾರೆ ಇಲ್ಲದೆ ಒಂದರ ಮೇಲೊಂದು ಕೂರಿಸಿದ ರಿಂಗ್ ಜರುಗಿ ಗುಂಡಿ ಸೊಟ್ಟಗಾಗುತ್ತದೆ.

ಮೊದಲು ಒಂದು ಪರೀಕ್ಷೆ ಮಾಡಿ. ಇಂಗಿಸಬೇಕೆಂದಿರುವ ಆಳಕ್ಕೆ ಸಣ್ಣ ಕುಳಿ ತೋಡಿ, ತಳಕ್ಕೆ ಎರಡು ಇಂಚು ಜಲ್ಲಿ ಹಾಕಿ, ನೀರು ತುಂಬಿಸಿ ರಾತ್ರಿಯೆಲ್ಲ ನೆನೆಯಲು ಬಿಡಿ. ಬೆಳಗ್ಗೆ ಮತ್ತೆ ಒಂದಷ್ಟು ನೀರು ಹಾಕಿ, ಒಂದು ಇಂಚು ಇಳಿಯಲು ಎಷ್ಟು ನಿಮಿಷ ಬೇಕು ನೋಡಿ. ಅರ್ಧ ಗಂಟೆಯೊಳಗೆ ಇಳಿದರೆ ಇಂಗುಗುಂಡಿ ನಡೆಯುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆಯಾದರೆ ಗುಂಡಿ ಬೇಡ, ಉದ್ದನೆಯ ಚರಂಡಿ ತೋಡಿ ಜಲ್ಲಿ ತುಂಬಿ ಅದರಲ್ಲಿ ತೂತಿನ ಪೈಪ್ ಮಲಗಿಸಬೇಕು. ಗಂಟೆ ಮೀರಿದರೆ ಇಂಗಿಸುವ ಯೋಚನೆಯನ್ನೇ ಬಿಟ್ಟು ಸೋಸುವ ದಾರಿ ಹುಡುಕಬೇಕು.

ನಾಲೆ ಬದಿಯ ಮನೆ

ಸರ್, ಬಹಳ ಉಪಕಾರವಾಯಿತು. ಪರೀಕ್ಷೆ ಮಾಡಿ ತಿಳಿಸುತ್ತೇನೆ.

ಹಿರಿಯೂರು ತೆಂಗು

ಇಷ್ಟೆಲ್ಲ ಯಾಕೆ? ನಮ್ಮ ತೋಟದಲ್ಲಿ ಬತ್ತಿದ ಬೋರ್‌ವೆಲ್ ಮೂರಿವೆ. ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿ ಅದರ ಹೊರಪೈಪನ್ನು ಹಳೆಯ ಬೋರ್‌ವೆಲ್‌ಗೆ ಬಿಡುವುದೆಂದು ನಿಶ್ಚಯಿಸಿದ್ದೇವೆ. ಹೇಗಿದ್ದರೂ ಕೇಸಿಂಗ್ ಇದೆ, ಸಾವಿರ ಅಡಿ ಆಳ ಇದೆ. ಸರ್ಕಾರವೇ ಬೋರ್‌ವೆಲ್‌ಗೆ ನೀರು ಇಂಗಿಸಿ ಎನ್ನುತ್ತಿದೆಯಲ್ಲ. ನಮ್ಮ ಕಡೆ ಕೆಲವರು ಮಾಡಿಕೊಂಡಿದ್ದಾರೆ ಕೂಡ.

ಕೋಟೆ ಕೆಳಗಿನವಳು (ಚಿತ್ರದುರ್ಗ)

ದಯವಿಟ್ಟು ಆ ಕೆಲಸ ಮಾಡಬೇಡಿ. ಇಂಗಿಸಿ ಎನ್ನುವುದು ಚಾವಣಿಯ ಮಳೆನೀರನ್ನು, ಹೊಲದ ಮಳೆನೀರನ್ನು, ಅದನ್ನೂ ಮರಳು ಜಲ್ಲಿಯಲ್ಲಿ ಸೋಸಿ. ಕಕ್ಕಸಿನ ನೀರನ್ನಲ್ಲ.

ನಾನು ಆರೋಗ್ಯ ಇಲಾಖೆಯಲ್ಲಿ ಹಳ್ಳಿಗಳ ನೀರಿನ ಮಾದರಿ ಸಂಗ್ರಹಿಸುವ ಕೆಲಸದಲ್ಲಿದ್ದವಳು. ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಇದೆ ಎಂದು ಎಲ್ಲರಿಗೂ ಗೊತ್ತು, ಅದಕ್ಕೇ ಊರೂರಿಗೂ ಶುದ್ಧ ನೀರಿನ ಘಟಕ ಬಂದಿದೆ. ಆದರೆ ನೈಟ್ರೇಟ್ ಬಗ್ಗೆ ಯಾರೂ ಕೇಳುವುದಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಅದು ಹೊಲದ ಗೊಬ್ಬರದಿಂದಲೂ ಬರುತ್ತದೆ, ಗುಂಡಿಗಳಿಂದಲೂ ಬರುತ್ತದೆ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನಷ್ಟು ಗಟ್ಟಿಯಾಗುತ್ತದೆ. ಎಳೆಗೂಸಿಗೆ ಆ ನೀರಿನಲ್ಲಿ ಹಾಲಿನಪುಡಿ ಕಲಸಿ ಕೊಟ್ಟರೆ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದಿ ಮೈ ನೀಲಿಗಟ್ಟುತ್ತದೆ.

ಇನ್ನು ರೋಗಾಣು. 2023ರ ಆಗಸ್ಟ್‌ನಲ್ಲಿ ನಮ್ಮ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅದು ಕೊಳಾಯಿ ನೀರಿನ ಪ್ರಕರಣ, ಬೋರ್‌ವೆಲ್‌ಗೆ ಗುಂಡಿ ಬಿಟ್ಟದ್ದಲ್ಲ. ಆದರೂ ವಾಂತಿಭೇದಿ ಒಂದು ಬೀದಿಯನ್ನು ಎಷ್ಟು ಬೇಗ ಮಲಗಿಸುತ್ತದೆ ಎಂಬುದನ್ನು ಜಿಲ್ಲೆಯವರು ಮರೆಯಬಾರದು.

ನಿವೃತ್ತ ಜೆಇ

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಗುಂಡಿಯ ನೀರು ಶುದ್ಧವಾಗುವುದು ಮೇಲ್ಪದರದ ಮಣ್ಣಿನಲ್ಲಿ. ಅಲ್ಲಿ ಗಾಳಿ ಇದೆ, ಸೂಕ್ಷ್ಮಜೀವಿಗಳಿವೆ, ಮಣ್ಣಿನ ಕಣಗಳು ರೋಗಾಣುವನ್ನು ಹಿಡಿದಿಡುತ್ತವೆ. ಬೋರ್‌ವೆಲ್‌ಗೆ ಬಿಟ್ಟರೆ ಆ ಮಣ್ಣನ್ನೇ ದಾಟಿಸಿದಂತಾಯಿತು. ನಮ್ಮ ಕಡೆ ಕೆಳಗಿರುವುದು ಗಟ್ಟಿ ಬಂಡೆ, ನೀರು ಹರಿಯುವುದು ಬಂಡೆಯ ಬಿರುಕುಗಳಲ್ಲಿ. ಬಿರುಕಿನಲ್ಲಿ ಯಾವ ಸೋಸುವಿಕೆಯೂ ಇಲ್ಲ. ಯಾವ ಬಿರುಕು ಯಾರ ಬೋರ್‌ವೆಲ್‌ಗೆ ಸೇರುತ್ತದೆ ಎಂದು ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವರಿಗೂ ಗೊತ್ತಿಲ್ಲ.

ಕೇಸಿಂಗ್ ಇದೆ ಎಂಬ ಧೈರ್ಯವೂ ಬೇಡ. ಅದು ಮೇಲಿನ ಸಡಿಲ ಮಣ್ಣಿಗಷ್ಟೇ, ಕೆಳಗೆ ಬರೀ ಬಂಡೆ.

ಹಿರಿಯೂರು ತೆಂಗು

ಸರಿ, ಬೈದದ್ದು ಸಾಕು. ಹಾಗಾದರೆ ನಮ್ಮಂಥವರು ಏನು ಮಾಡಬೇಕು? ಎರಡು ಅಡಿ ಕೆಂಪು ಮಣ್ಣು, ಅದರ ಕೆಳಗೆ ಬಂಡೆ. ಜೆಸಿಬಿ ಹಲ್ಲು ಸವೆಯುತ್ತದೆ.

ನಿವೃತ್ತ ಜೆಇ

ಆಳಕ್ಕೆ ಹೋಗಬೇಡಿ, ಅಗಲಕ್ಕೆ ಹೋಗಿ. ಟ್ಯಾಂಕ್ ಅರ್ಧ ನೆಲದ ಮೇಲೆಯೇ ಇರಲಿ, ನೀರು ಸೋರದಂತೆ ಒಳಗೆ ಗಿಲಾವು ಮಾಡಿಸಿ. ಶೌಚಾಲಯವನ್ನು ನಾಲ್ಕು ಮೆಟ್ಟಿಲು ಎತ್ತರಿಸಿದರೆ ಪೈಪಿಗೆ ಇಳಿಜಾರು ಸಿಗುತ್ತದೆ. ಹೊರಬರುವ ನೀರನ್ನು ಆ ಎರಡು ಅಡಿ ಮಣ್ಣಿನ ಮೇಲೆ ಇನ್ನೆರಡು ಅಡಿ ಮರಳು ಮಣ್ಣು ಏರಿಸಿ ಮಾಡಿದ ದಿಬ್ಬಕ್ಕೆ ಬಿಡಿ. ಜಲ್ಲಿಯ ಮೇಲೆ ತೂತಿನ ಪೈಪ್, ಮೇಲೆ ಮತ್ತೆ ಮಣ್ಣು, ಅದರ ಮೇಲೆ ಹುಲ್ಲು. ಕುಡಿಯುವ ನೀರಿನ ಮೂಲದಿಂದ 18 ಮೀಟರ್ ದೂರ ಎಂಬುದು ಪುಸ್ತಕದ ಲೆಕ್ಕ. ಬಿರುಕು ಬಂಡೆಯಿರುವ ಕಡೆ ಅದನ್ನು ಕನಿಷ್ಠ ಎಂದುಕೊಳ್ಳಿ, ಆದಷ್ಟು ದೂರ ಇಡಿ, ಇಳಿಜಾರಿನಲ್ಲಿ ಬೋರ್‌ವೆಲ್‌ಗಿಂತ ಕೆಳಗೆ ಇರಲಿ. ವಾಸದ ಮನೆಯಿಂದಲೂ ಆರು ಮೀಟರ್ ಆಚೆ ಇರಬೇಕು.

ಗಾರೆ ಮೇಸ್ತ್ರಿ (ಹೊಳಲ್ಕೆರೆ)

ಎಲ್ಲರೂ ಮೇಸ್ತ್ರಿಗಳನ್ನು ಬೈಯುವುದಕ್ಕೆ ಮುಂದು. ಮಾಲೀಕರ ಕಥೆಯನ್ನೂ ಕೇಳಿ. ಟೈಲ್ಸ್‌ಗೆ ಲಕ್ಷ ಹಾಕುತ್ತಾರೆ, ಟ್ಯಾಂಕ್‌ಗೆ ಮಧ್ಯದ ಗೋಡೆ ಬೇಕು ಎಂದರೆ "ಅದೆಲ್ಲ ಯಾಕೆ, ಮಣ್ಣಿನೊಳಗೆ ಯಾರು ನೋಡುತ್ತಾರೆ" ಎನ್ನುತ್ತಾರೆ. ಜೊತೆಗೆ ಎಲ್ಲರಿಗೂ ಹತ್ತು ಅಡಿ ಆಳದ್ದೇ ಬೇಕು. ದೊಡ್ಡದಾದಷ್ಟೂ ಒಳ್ಳೆಯದು ಎಂಬ ನಂಬಿಕೆ. ಆಮೇಲೆ ತಳಕ್ಕೆ ಕಾಂಕ್ರೀಟ್ ಹಾಕಬೇಡಿ, ನೀರು ಇಂಗಲಿ ಎಂದು ಅವರೇ ಹೇಳುತ್ತಾರೆ. ತಳವಿಲ್ಲದ್ದು ಟ್ಯಾಂಕ್ ಅಲ್ಲ, ಬಾವಿ.

ಸರಿಯಾದ ಸೆಪ್ಟಿಕ್ ಟ್ಯಾಂಕ್ ಹೀಗಿರಬೇಕು. ಅಗಲಕ್ಕಿಂತ ಉದ್ದ ಎರಡು ಪಟ್ಟಾದರೂ ಇರಬೇಕು, ಚೌಕದ ಟ್ಯಾಂಕ್‌ನಲ್ಲಿ ಮಲ ಕೆಳಗೆ ಕೂರುವ ಮೊದಲೇ ಆಚೆಯ ಪೈಪಿಗೆ ಹೋಗುತ್ತದೆ. ಐದು ಜನಕ್ಕೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ಒಂದು ಮೀಟರ್ ನೀರಿನ ಆಳ, ಮೇಲೆ ಒಂದಡಿ ಖಾಲಿ ಜಾಗ ಇದ್ದರೆ ಸಾಕು. ಹತ್ತು ಜನಕ್ಕೆ ಎರಡು ಮೀಟರ್ ಉದ್ದ, ಮೂರಡಿ ಅಗಲ, ಹೂಳು ತೆಗೆಸುವ ಅವಧಿಗೆ ತಕ್ಕಂತೆ ನೀರಿನ ಆಳ ಒಂದು ಮೀಟರ್‌ನಿಂದ 1.4 ಮೀಟರ್. ಇದು ಸೆಪ್ಟಿಕ್ ಟ್ಯಾಂಕ್‌ನ ಭಾರತೀಯ ಮಾನಕ ಐಎಸ್ 2470ರಲ್ಲೇ ಇದೆ, ನನ್ನ ಹತ್ತಿರ ಒಬ್ಬ ಎಂಜಿನಿಯರ್ ಕೊಟ್ಟ ಜೆರಾಕ್ಸ್ ಇದೆ. ಉದ್ದವನ್ನು ಮೂರು ಪಾಲು ಮಾಡಿ ಎರಡು ಪಾಲಿನ ಕೊನೆಗೆ ಅಡ್ಡಗೋಡೆ, ಅದರ ನಡುಮಟ್ಟದಲ್ಲಿ ಕಿಂಡಿ. ಮೇಲೆ ತೇಲುವ ಕೆನೆಯೂ ಆಚೆ ಹೋಗಬಾರದು, ತಳದ ಹೂಳೂ ಹೋಗಬಾರದು, ಮಧ್ಯದ ತಿಳಿನೀರು ಮಾತ್ರ ದಾಟಬೇಕು. ಒಳಬರುವ ಪೈಪಿಗೂ ಹೊರಹೋಗುವ ಪೈಪಿಗೂ ಟಿ ಆಕಾರದ ತುಂಡು ಕೂರಿಸಿ ಕೆಳಗಿನ ಕಾಲನ್ನು ನೀರಿನೊಳಗೆ ಒಂದಡಿ ಇಳಿಸಬೇಕು. ಹೊರಪೈಪು ಒಳಪೈಪಿಗಿಂತ ಎರಡು ಇಂಚು ತಗ್ಗಿನಲ್ಲಿರಬೇಕು. ಗಾಳಿಕೊಳವೆಯನ್ನು ಚಾವಣಿಗಿಂತ ಎತ್ತರಕ್ಕೆ ಒಯ್ದು ಬಾಯಿಗೆ ಸೊಳ್ಳೆ ಜಾಲರಿ ಕಟ್ಟಬೇಕು. ಜಾಲರಿ ಇಲ್ಲದಿದ್ದರೆ ಊರಿನ ಸೊಳ್ಳೆಗಳಿಗೆಲ್ಲ ನೀವೇ ಮನೆ ಕಟ್ಟಿಸಿ ಕೊಟ್ಟಂತೆ.

ಮಾಯಕೊಂಡದ ಮೆಕ್ಕೆಜೋಳ

ಮೇಸ್ತ್ರಿಗಳೇ, ಅಷ್ಟು ಚಿಕ್ಕ ಟ್ಯಾಂಕ್ ಆದರೆ ಪ್ರತಿ ವರ್ಷ ಲಾರಿ ಕರೆಸಬೇಕಲ್ಲ?

ಗಾರೆ ಮೇಸ್ತ್ರಿ

ಎರಡು ಮೂರು ವರ್ಷಕ್ಕೊಮ್ಮೆ ಕರೆಸಬೇಕು. ಕರೆಸಲೇಬೇಕು. ಟ್ಯಾಂಕ್ ಎಂದರೆ ಹೂಳು ಹಿಡಿದಿಡುವ ಪೆಟ್ಟಿಗೆ, ಅದನ್ನು ತೆಗೆಸದಿದ್ದರೆ ಹೂಳು ಇಂಗುಗುಂಡಿಗೆ ಹೋಗಿ ಅದರ ಕಣ್ಣು ಮುಚ್ಚುತ್ತದೆ. ಆಗ ಇಂಗುಗುಂಡಿಯನ್ನೇ ಹೊಸದಾಗಿ ತೋಡಬೇಕು. ಪೂರ್ತಿ ತೊಳೆಸಬೇಡಿ, ಸ್ವಲ್ಪ ಹೂಳು ಉಳಿದರೆ ಬ್ಯಾಕ್ಟೀರಿಯಾ ಬೇಗ ಮತ್ತೆ ಬೆಳೆಯುತ್ತದೆ.

ಒಂದು ವಿಷಯ ಕೈಮುಗಿದು ಹೇಳುತ್ತೇನೆ. ಮನುಷ್ಯರನ್ನು ಒಳಗೆ ಇಳಿಸಬೇಡಿ. ಹೂಳು ತೆಗೆಯಲು ಬೇಡ, ಕಟ್ಟಿಕೊಂಡ ಪೈಪ್ ಬಿಡಿಸಲೂ ಬೇಡ, ಬಿದ್ದ ಮೊಬೈಲ್ ಎತ್ತಲೂ ಬೇಡ.

ಕೋಟೆ ಕೆಳಗಿನವಳು

ಮೇಸ್ತ್ರಿಯವರಿಗೆ ಧನ್ಯವಾದ. ಅದು ಕಾನೂನು ಕೂಡ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಂತೆ ರಕ್ಷಣಾ ಸಾಧನವಿಲ್ಲದೆ ಯಾರನ್ನಾದರೂ ಸೆಪ್ಟಿಕ್ ಟ್ಯಾಂಕ್‌ಗೆ ಇಳಿಸಿದರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಇಂಥ ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಮನೆಯವರಿಗೇ ತಾವೇ ಇಳಿಯುವ ಧೈರ್ಯ ಬರುವುದುಂಟು, ಅದು ಇನ್ನೂ ಅಪಾಯ. ಒಳಗಿರುವ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಇಲ್ಲ ಎಂದು ಇಳಿದವನು ಬೀಳುತ್ತಾನೆ, ಅವನನ್ನು ಎತ್ತಲು ಇಳಿದ ತಮ್ಮನೂ ಬೀಳುತ್ತಾನೆ.

ಜಗಳೂರಿನ ಅಕ್ಕ

ಜೋಡಿ ಗುಂಡಿಯ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ನಮ್ಮ ಮನೆಯಲ್ಲಿ ಅದೇ ಇದೆ, ಸ್ವಚ್ಛ ಭಾರತದ 12,000 ರೂಪಾಯಿ ಬಂದಾಗ ಅದಕ್ಕೆ ನಮ್ಮದೂ ಸೇರಿಸಿ ಕಟ್ಟಿಸಿದ್ದು. ನಮ್ಮದು ಕೆಂಪು ನೆಲ, ನೀರು ಪಾತಾಳದಲ್ಲಿದೆ. ಇಂಥ ಕಡೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಎನ್ನುವವಳು ನಾನು.

ಎರಡು ಗುಂಡಿ, ಎರಡರ ಮುಂದೆ ಒಂದು ಸಣ್ಣ ಚೇಂಬರ್, ಅದರಿಂದ ಕವೆಯಂತೆ ಎರಡು ಪೈಪ್. ಒಂದನ್ನು ಮುಚ್ಚಿ ಇನ್ನೊಂದನ್ನು ಬಳಸುವುದು. ಮೂರ್ನಾಲ್ಕು ವರ್ಷದಲ್ಲಿ ಅದು ತುಂಬಿದರೆ ಪೈಪ್ ಬದಲಿಸಿ ಮತ್ತೊಂದಕ್ಕೆ ಬಿಡುವುದು. ಮೊದಲಿನದನ್ನು ಎರಡು ವರ್ಷ ಮುಟ್ಟಬಾರದು. ಆಮೇಲೆ ತೆಗೆದರೆ ಪುಡಿಪುಡಿ ಕಪ್ಪು ಗೊಬ್ಬರ, ವಾಸನೆ ಇಲ್ಲ. ನಮ್ಮ ಅತ್ತೆ ಮೊದಲು ಮೂಗು ಮುಚ್ಚಿಕೊಂಡು ದೂರ ನಿಂತಿದ್ದರು. ಈಗ ದಾಳಿಂಬೆ ಗಿಡಕ್ಕೆ ಹಾಕಿ ಎಂದು ಅವರೇ ಹೇಳುತ್ತಾರೆ. ಲಾರಿ ಬೇಡ, ಗಾಳಿಕೊಳವೆ ಬೇಡ, ಅನಿಲವನ್ನು ಮಣ್ಣೇ ಹೀರಿಕೊಳ್ಳುತ್ತದೆ.

ಆದರೆ ನಿಯಮ ಮೀರಬಾರದು. ಸ್ನಾನದ ನೀರು ಅದಕ್ಕೆ ಬಿಡುವಂತಿಲ್ಲ. ಕಡಿದಾದ ಇಳಿಜಾರಿನ ಬೇಸಿನ್ ಇರಬೇಕು, ಆಗ ಒಂದೂವರೆ ಎರಡು ಲೀಟರ್ ನೀರಿಗೇ ಹೋಗುತ್ತದೆ. ನಮ್ಮ ಓಣಿಯಲ್ಲಿ ಗುತ್ತಿಗೆಗೆ ಕಟ್ಟಿದ ಕೆಲವು ಮನೆಗಳಲ್ಲಿ ಎರಡೂ ಗುಂಡಿಗೆ ಒಟ್ಟಿಗೇ ನೀರು ಹೋಗುತ್ತದೆ, ಚೇಂಬರೇ ಇಲ್ಲ. ಎರಡೂ ಒಟ್ಟಿಗೆ ತುಂಬಿದವು. ಜೋಡಿ ಗುಂಡಿ ಸರಿಯಿಲ್ಲ ಎಂದು ಊರಲ್ಲಿ ಹಬ್ಬಿತು.

ನಿವೃತ್ತ ಜೆಇ

ಅಕ್ಕನವರ ಮಾತಿಗೆ ನನ್ನ ಸಹಿ. ಎರೆಯಲ್ಲೂ ಜೋಡಿ ಗುಂಡಿ ಆಗುತ್ತದೆ, ಆದರೆ ಇಟ್ಟಿಗೆಯ ಹೊರಗೆ ಸುತ್ತಲೂ ಒಂದಡಿ ದಪ್ಪಕ್ಕೆ ಮರಳು ಅಥವಾ ಸಣ್ಣ ಜಲ್ಲಿ ತುಂಬಬೇಕು. ಮಣ್ಣು ಉಬ್ಬಿದರೆ ಜಲ್ಲಿ ತಡೆದುಕೊಳ್ಳುತ್ತದೆ, ನೀರು ಇಂಗುವ ಅಂಚೂ ದೊಡ್ಡದಾಗುತ್ತದೆ. ನೀರು ಸುರಿಯುವ ಶೌಚಾಲಯಕ್ಕೆ ತಲೆಗೆ ದಿನಕ್ಕೆ ಸುಮಾರು ಒಂಬತ್ತೂವರೆ ಲೀಟರ್ ಎಂದರೆ ಆರು ಜನಕ್ಕೆ 57 ಲೀಟರ್, ಎರೆಯಲ್ಲಿ ಬೇಕಾದದ್ದು 5.7 ಚದರ ಮೀಟರ್. ಒಳಗಿನ ಅಗಲ ಒಂದು ಮೀಟರ್ ಇದ್ದರೂ ಇಟ್ಟಿಗೆ, ಜಲ್ಲಿ ಸೇರಿ ಹೊರಗಿನ ಅಗಲ 1.8 ಮೀಟರ್ ಆಗುತ್ತದೆ. 1.2 ಮೀಟರ್ ಆಳಕ್ಕೆ ಸುಮಾರು 6.8 ಚದರ ಮೀಟರ್ ಸಿಕ್ಕಿತು. ಸಾಕು.

ಆದರೆ ಪ್ರಶ್ನೆ ಕೇಳಿದವರ ಕಥೆ ಬೇರೆ. ನಾಲೆಯ ನೀರು ನಾಲ್ಕಡಿಗೆ ಬಂದರೆ ಗುಂಡಿಯ ತಳ ನೀರಿನಲ್ಲಿ ಮುಳುಗುತ್ತದೆ, ಅಲ್ಲಿ ಗೊಬ್ಬರವಾಗುವುದಿಲ್ಲ. ಮನೆಯಲ್ಲಿ ಕಮೋಡ್ ಬೇರೆ ಇದೆ, ಒಮ್ಮೆ ಫ್ಲಶ್ ಮಾಡಿದರೆ ಆರು ಲೀಟರ್ ಹೋಗುತ್ತದೆ.

ನ್ಯಾಮತಿ ಗೋಬರ್

ದನ ಇದ್ದರೆ ಶೌಚಾಲಯವನ್ನು ಗೋಬರ್ ಗ್ಯಾಸ್‌ಗೆ ಜೋಡಿಸಬಹುದು. ನಮ್ಮಲ್ಲಿ ಆಗಿದೆ. ಆದರೆ ಫಿನಾಯಿಲ್, ಆಸಿಡ್ ಸುರಿಯುವವರ ಮನೆಗೆ ಬೇಡ, ಗ್ಯಾಸ್ ನಿಂತುಹೋಗುತ್ತದೆ. ಸ್ಲರಿಯನ್ನು ಹಸಿ ತರಕಾರಿಗೆ ಹಾಕಬೇಡಿ, ತಿಪ್ಪೆಯಲ್ಲಿ ಕಸದ ಜೊತೆ ಕಳಿತ ಮೇಲೆ ಅಡಕೆಗೆ ಹಾಕಿ.

ಬೆಂಗಳೂರಿನಲ್ಲಿರುವ ಮೊಳಕಾಲ್ಮೂರಿನವ

ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ತಂತ್ರಜ್ಞಾನದ ಬಯೋ ಡೈಜೆಸ್ಟರ್ ಎಂದು ಮಾರುತ್ತಿದ್ದಾರೆ, ರೈಲಿನಲ್ಲಿ ಇರುವಂಥದ್ದು. ಹೂಳೇ ಬರುವುದಿಲ್ಲ, ಹೊರಬರುವುದು ಶುದ್ಧ ನೀರು ಎನ್ನುತ್ತಾರೆ. ಊರಿನ ಮನೆಗೆ ಅದನ್ನೇ ಹಾಕಿಸಬಾರದೇ?

ನಿವೃತ್ತ ಜೆಇ

ಹಾಕಿಸಬಹುದು. ಒಳಗೆ ನಡೆಯುವುದು ಸೆಪ್ಟಿಕ್ ಟ್ಯಾಂಕ್‌ನಲ್ಲಿ ನಡೆಯುವಂಥದ್ದೇ, ಗಾಳಿ ಬೇಡದ ಬ್ಯಾಕ್ಟೀರಿಯಾದ ಕೆಲಸ. ಕೋಣೆಗಳು ಹೆಚ್ಚು, ಬ್ಯಾಕ್ಟೀರಿಯಾ ಆಯ್ದದ್ದು, ಹಾಗಾಗಿ ಹೂಳು ಕಡಿಮೆ. ಹೊರಬರುವ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಕುಡಿಯುವ ನೀರಲ್ಲ, ಸೊಪ್ಪಿಗೆ ಹಾಯಿಸುವ ನೀರೂ ಅಲ್ಲ. ಅದಕ್ಕೂ ಇಂಗುವ ಜಾಗ ಬೇಕು. ಮಾರುವವರು ಈ ಮಾತು ಬಂದಾಗ ಬೇರೆ ಕಡೆ ನೋಡುತ್ತಾರೆ. ಪುಡಿ ಹಾಕಿದರೆ ಹೂಳು ತೆಗೆಸುವ ಅಗತ್ಯವೇ ಇಲ್ಲ ಎಂದು ಪೊಟ್ಟಣ ಮಾರುವವರನ್ನೂ ನಂಬಬೇಡಿ. ಟ್ಯಾಂಕ್‌ಗೆ ಬೇಕಾದ ಬ್ಯಾಕ್ಟೀರಿಯಾವನ್ನು ಮನೆಯವರೇ ದಿನವೂ ಉಚಿತವಾಗಿ ಕೊಡುತ್ತಿರುತ್ತಾರೆ.

ನಾಲೆ ಬದಿಯ ಮನೆ

ಪರೀಕ್ಷೆ ಮಾಡಿದೆ. ಬೆಳಗ್ಗೆ ಹಾಕಿದ ನೀರು ತಿಂಡಿ ತಿಂದು ಹೊಲಕ್ಕೆ ಹೋಗಿ ಮಧ್ಯಾಹ್ನ ಬಂದರೂ ಅರ್ಧ ಇಂಚು ಇಳಿದಿರಲಿಲ್ಲ. ಮೇಸ್ತ್ರಿಯೂ ಬಂದು ನೋಡಿದರು, ಸುಮ್ಮನಾದರು. ಅಂದರೆ ರಿಂಗ್ ಗುಂಡಿಯೂ ಇಲ್ಲ, ಇಂಗುಗುಂಡಿಯೂ ಇಲ್ಲ. ತಮ್ಮನ ಪ್ಲಾಸ್ಟಿಕ್ ಟ್ಯಾಂಕ್ ಹೇಗೆ?

ಗಾರೆ ಮೇಸ್ತ್ರಿ

ಒಳ್ಳೆಯ ಕಂಪನಿಯದಾದರೆ ಸೋರುವುದಿಲ್ಲ, ಅದು ನಿಜ. ಆದರೆ ನಿಮ್ಮ ಜಾಗದಲ್ಲಿ ತೇಲುತ್ತದೆ. ಎರಡು ಸಾವಿರ ಲೀಟರ್ ಟ್ಯಾಂಕ್ ಖಾಲಿಯಾಗಿದ್ದು ಸುತ್ತ ನೀರು ತುಂಬಿಕೊಂಡರೆ ಎರಡು ಟನ್ ಬಲದಿಂದ ಮೇಲಕ್ಕೆ ತಳ್ಳುತ್ತದೆ, ಪೈಪ್ ಕಿತ್ತುಕೊಂಡು ಮೇಲೆದ್ದು ಬರುತ್ತದೆ. ಹಾಕಿಸಿದರೆ ಕೆಳಗೆ ಕಾಂಕ್ರೀಟ್ ಹಾಸು ಹಾಕಿ ಪಟ್ಟಿಯಿಂದ ಬಿಗಿಯಬೇಕು, ಮಣ್ಣು ತುಂಬುವಾಗ ಒಳಗೂ ನೀರು ತುಂಬುತ್ತಾ ಬರಬೇಕು. ಹೂಳು ತೆಗೆಸುವುದನ್ನು ನಾಲೆಗೆ ನೀರು ಬಿಡದ ತಿಂಗಳಿಗೇ ಇಟ್ಟುಕೊಳ್ಳಬೇಕು. ನಾನಾದರೆ ಕಾಂಕ್ರೀಟ್ ಟ್ಯಾಂಕ್ ಕಟ್ಟುತ್ತೇನೆ, ಅದರ ತೂಕವೇ ಅದನ್ನು ಹಿಡಿದಿಡುತ್ತದೆ. ಸೈಜುಗಲ್ಲಿನಲ್ಲಿ ಬೇಡ, ಸಂದಿಯಲ್ಲಿ ಸೋರುತ್ತದೆ.

ನಿವೃತ್ತ ಜೆಇ

ನಿಮ್ಮ ಮನೆಗೆ ನನ್ನ ಸಲಹೆ ಇದು. ಮೊದಲು ಸ್ನಾನ, ಬಟ್ಟೆ, ಅಡುಗೆಮನೆಯ ನೀರನ್ನು ಶೌಚದ ನೀರಿನಿಂದ ಬೇರೆ ಮಾಡಿ. ಗೋಡೆ ಏಳುವ ಈ ಹಂತದಲ್ಲಿ ಒಂದು ಹೆಚ್ಚುವರಿ ಪೈಪ್ ಸಾಲು ಮಾತ್ರ ಖರ್ಚು, ಆಮೇಲೆ ನೆಲ ಒಡೆಯಬೇಕಾಗುತ್ತದೆ. ಆ ನೀರು ಜಿಡ್ಡು ಹಿಡಿಯುವ ಸಣ್ಣ ತೊಟ್ಟಿಯ ಮೂಲಕ ಬಾಳೆಯ ಪಾತಿಗೆ ಹೋಗಲಿ.

ಎರಡೂ ಶೌಚಾಲಯದ ನೀರು ನೀರುಬಿಗಿಯಾದ ಒಂದೇ ಕಾಂಕ್ರೀಟ್ ಟ್ಯಾಂಕ್‌ಗೆ, ಕೂಲಿಯವರೂ ಬರುತ್ತಾರಾದ್ದರಿಂದ ಹತ್ತು ಜನರ ಅಳತೆ. ಅದರ ಪಕ್ಕಕ್ಕೆ ಅಂಟಿದಂತೆ ಇನ್ನೊಂದು ಕೋಣೆ ಕಟ್ಟಿಸಿ ಜಲ್ಲಿ ತುಂಬಿಸಿ, ನೀರು ತಳದಿಂದ ಒಳಬಂದು ಜಲ್ಲಿಯ ನಡುವೆ ಮೇಲಕ್ಕೇರಿ ಹೊರಹೋಗಬೇಕು. ಜಲ್ಲಿಗೆ ಅಂಟಿಕೊಂಡ ಬ್ಯಾಕ್ಟೀರಿಯಾ ಉಳಿದ ಕೊಳೆಯನ್ನು ತಿನ್ನುತ್ತದೆ. ಅಲ್ಲಿಂದ ನೆಲಮಟ್ಟಕ್ಕಿಂತ ಎತ್ತರಿಸಿ ಕಟ್ಟಿದ, ತಳಕ್ಕೆ ದಪ್ಪ ಟಾರ್ಪಾಲಿನ್ ಅಥವಾ ಗಾರೆ ಹಾಕಿದ ಜಲ್ಲಿಯ ಪಾತಿಗೆ. ಅದರಲ್ಲಿ ಕಾಬಾಳೆ, ಜೊಂಡು ನೆಡಿ. ನೀರು ಜಲ್ಲಿಯ ಮೇಲೆ ಕಾಣಿಸಬಾರದು, ಒಳಗೇ ಹರಿಯಬೇಕು, ಇಲ್ಲದಿದ್ದರೆ ಸೊಳ್ಳೆ. ಕೊನೆಗೆ ಉಳಿದದ್ದು ತೆಂಗು ಅಥವಾ ಅಡಕೆಯ ಬುಡಕ್ಕೆ ಮಣ್ಣಿನೊಳಗಿಂದಲೇ ಹೋಗಲಿ. ನಾಲೆಗೂ ಬಸಿಗಾಲುವೆಗೂ ಬಿಡಬೇಡಿ, ಕೆಳಗಿನ ಊರಿನವರು ಅದೇ ನೀರಿನಲ್ಲಿ ನಾಟಿ ಮಾಡುತ್ತಾರೆ.

ಇದಕ್ಕೆ ಇಳಿಜಾರು ಬೇಕು. ಮನೆಯ ನೆಲ ಎಷ್ಟು ಎತ್ತರದಲ್ಲಿದೆ?

ನಾಲೆ ಬದಿಯ ಮನೆ

ಹೊಲದ ಮಟ್ಟಕ್ಕಿಂತ ಮೂರು ಅಡಿ ಮೇಲಿದೆ ಸರ್. ಎರೆ ಎಂದು ಪಾಯ ಎತ್ತರಿಸಿದ್ದು ಈಗ ಉಪಯೋಗಕ್ಕೆ ಬಂತು. ಪಕ್ಕದ ಬೋರ್‌ವೆಲ್‌ನಿಂದ ಟ್ಯಾಂಕ್ ಜಾಗಕ್ಕೆ ಟೇಪ್ ಹಿಡಿದು ನೋಡಿದೆವು, 24 ಮೀಟರ್ ಬರುತ್ತದೆ. ಟ್ಯಾಂಕ್ ರಸ್ತೆಯ ಕಡೆಗಿದ್ದರೆ ಲಾರಿಯ ಪೈಪ್ ತಲುಪುತ್ತದೆ ಎಂದು ಮೇಸ್ತ್ರಿ ಹೇಳಿದರು, ಅದನ್ನೂ ಒಪ್ಪಿದೆವು. ಖರ್ಚು ರಿಂಗ್ ಗುಂಡಿಗಿಂತ ಎರಡು ಪಟ್ಟು ಮೀರುತ್ತದೆ. ತಮ್ಮ ಗೇಟಿನ ಕಮಾನು ಮುಂದಿನ ವರ್ಷ ಕಟ್ಟಿಸೋಣ ಎಂದಿದ್ದಾನೆ.

ಕೋಟೆ ಕೆಳಗಿನವಳು

ಟ್ಯಾಂಕ್ ಕಟ್ಟುವ ಮೊದಲೇ ಎರಡೂ ಬೋರ್‌ವೆಲ್ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿಟ್ಟುಕೊಳ್ಳಿ. ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಇರುತ್ತದೆ, ಕೇಳಿ. ರೋಗಾಣುವಿಗೆ ಸಣ್ಣ ಬಾಟಲಿಯಲ್ಲಿ ನೀರು ತುಂಬಿಸಿ ಒಂದೆರಡು ದಿನ ಇಟ್ಟರೆ, ಕಪ್ಪಾದರೆ ಕೆಟ್ಟದ್ದೆಂದು ತಿಳಿಯುವ ಪರೀಕ್ಷೆಯೂ ಇದೆ. ಮುಂದೆ ಪಕ್ಕದವರು ನಿಮ್ಮಿಂದಲೇ ನೀರು ಕೆಟ್ಟಿತು ಎಂದರೆ ತೋರಿಸಲು ಕಾಗದ ಇರುತ್ತದೆ.

ಹಿರಿಯೂರು ತೆಂಗು

ನಾನೂ ಓದುತ್ತಿದ್ದೇನೆ. ಆ ದಿಬ್ಬದ ಲೆಕ್ಕ ನಮ್ಮ ತೋಟಕ್ಕೆ ಹೊಂದುತ್ತದೆ ಎನಿಸುತ್ತದೆ. ಮರಳು ಮಾತ್ರ ಚಿನ್ನದ ಬೆಲೆ. ಎಂ ಸ್ಯಾಂಡ್ ಆಗುತ್ತದೆಯೇ ಜೆಇ ಸಾಹೇಬರೇ?

ನಿವೃತ್ತ ಜೆಇ

ಆಗುತ್ತದೆ, ಆದರೆ ಧೂಳು ತೊಳೆದದ್ದಾಗಿರಬೇಕು. ಗಿಲಾವಿಗೆ ಬಳಸುವ ನುಣುಪಿನದು ಬೇಡ, ಕಾಂಕ್ರೀಟಿನ ಒರಟು ಜಾತಿಯದು ತನ್ನಿ. ಹಳೆಯ ಬೋರ್‌ವೆಲ್‌ಗಳ ಬಾಯಿಗೆ ಇವತ್ತೇ ಮುಚ್ಚಳ ಬೆಸೆಯಿಸಿ, ಮಕ್ಕಳು ಓಡಾಡುವ ತೋಟ.

ನಾಲೆ ಬದಿಯ ಮನೆ

ಒಂದು ಕೊನೆಯ ಸಂಶಯ. ಗೃಹಪ್ರವೇಶಕ್ಕೆ ಇನ್ನೂರು ಜನ ಬರುತ್ತಾರೆ. ಹೊಸ ಟ್ಯಾಂಕ್ ತಡೆಯುತ್ತದೆಯೇ?

ಗಾರೆ ಮೇಸ್ತ್ರಿ

ತಡೆಯುವುದಿಲ್ಲ ಯಜಮಾನರೇ. ಒಂದೇ ದಿನ ಅಷ್ಟು ನೀರು ನುಗ್ಗಿದರೆ ಒಳಗಿದ್ದದ್ದು ಕದಡಿ ಸೀದಾ ಜಲ್ಲಿಗೆ ಹೋಗುತ್ತದೆ, ಹೊಸ ಜಲ್ಲಿ ಮೊದಲ ದಿನವೇ ಕಟ್ಟಿಕೊಳ್ಳುತ್ತದೆ. ಚಕ್ರದ ಮೇಲಿರುವ ಶೌಚಾಲಯ ಬಾಡಿಗೆಗೆ ಸಿಗುತ್ತದೆ, ತರಿಸಿ. ಇನ್ನೊಂದು, ಟ್ಯಾಂಕ್ ಮೇಲೆ ಶಾಮಿಯಾನದ ಗೂಟ ಹೊಡೆಯಲು ಬಿಡಬೇಡಿ, ನೀರಿನ ಟ್ಯಾಂಕರನ್ನೂ ಹತ್ತಿಸಬೇಡಿ.

ನಾಲೆ ಬದಿಯ ಮನೆ

ಹಾಗಾದರೆ ಪೂಜೆ ಮನೆಯಲ್ಲಿ, ಊಟ ಊರಿನ ಸಮುದಾಯ ಭವನದಲ್ಲಿ. ಅಲ್ಲಿ ಶೌಚಾಲಯ ಇದೆ. ಅದರ ನೀರು ಎಲ್ಲಿಗೆ ಹೋಗುತ್ತದೆ ಎಂದು ಈಗಲೇ ಕೇಳುವುದಿಲ್ಲ, ಮುಂದಿನ ಗ್ರಾಮಸಭೆಯಲ್ಲಿ ಕೇಳುತ್ತೇನೆ.